ಸೈಕಲ್ ಬಿದ್ದ ಮೇಲೆ ಕಣ್ಣಿಗೆ ಕಾಣದ ಪೆಟ್ಟನ್ನು ಪತ್ತೆ ಮಾಡುವುದು ಹೇಗೆ?

ಮೊದಲು ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ನೋಡಿ. ಆಮೇಲೆ ಹ್ಯಾಂಡಲ್ ಕೆಳಗೆ ಫ್ರೇಮಿನ ಕೊಳವೆಗಳು ಸೇರುವ ಜಾಗ. ಎದುರಿನಿಂದ ಗುದ್ದಿದಾಗ ಪೆಟ್ಟು ಚಕ್ರದಿಂದ ಫೋರ್ಕಿಗೆ, ಅಲ್ಲಿಂದ ಈ ಸಂದಿಗೆ ಬಂದು ಬೀಳುತ್ತದೆ. ಚಕ್ರ ನೆಟ್ಟಗೆ ತಿರುಗುತ್ತಿದೆ ಅಂತ ಸುಮ್ನೆ ಹತ್ತಿ ಹೊರಡಬೇಡಿ.

ಆ ಸಂದಿಯ ಮಣ್ಣು ಒರೆಸಿ, ಕೆಳಗಿನ ಕೊಳವೆಯ ಅಡಿಭಾಗದಲ್ಲಿ ಬೆರಳಾಡಿಸಿ. ಉಬ್ಬು ಸಿಕ್ಕರೆ ಅಥವಾ ಬಣ್ಣ ಸುಕ್ಕುಗಟ್ಟಿದ್ದರೆ ಒಳಗಿನ ಲೋಹ ಬಾಗಿರುತ್ತದೆ.

ಫ್ರೇಮ್ ಯಾವುದರದ್ದು ಅನ್ನೋದು ಇಲ್ಲಿ ಮುಖ್ಯ. ಸ್ಟೀಲ್ ಸಾಮಾನ್ಯವಾಗಿ ಬಾಗಿ ಮುನ್ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂನಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ಪ್ರತಿ ಸವಾರಿಯಲ್ಲೂ ಅದು ಸ್ವಲ್ಪ ಸ್ವಲ್ಪ ಬೆಳೆದು, ಒಂದು ದಿನ ತಟ್ಟನೆ ಮುರಿಯುತ್ತದೆ. ಅದಕ್ಕೇ ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ಬಗ್ಗಿಸಿ ಸರಿ ಮಾಡಿಸಬೇಡಿ, ಬದಲಾಯಿಸಿ. ಕಾರ್ಬನ್ ಫೈಬರ್ ಇನ್ನೂ ಮೋಸ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ಮಾತ್ರ ಮಂಕಾಗಿ ಕೇಳಿಸಿದರೆ ಓಡಿಸಬೇಡಿ. ಸದ್ದು ಸರಿಯಿದ್ದರೂ, ಪೆಟ್ಟು ಜೋರಾಗಿದ್ದರೆ ಕಾರ್ಬನ್ ಬಲ್ಲವರಿಗೆ ತೋರಿಸಿಯೇ ಹತ್ತಿ.

ಇನ್ನು ಗೇರ್ ಸೈಕಲ್ ಬಲಕ್ಕೆ ಬಿದ್ದಿದ್ದರೆ ಹಿಂದಿನಿಂದ ನೋಡಿ. ಚೈನನ್ನು ಸರಿಸುವ ಡಿರೇಲರ್ ನೇತಾಡುವ ಸಣ್ಣ ಕೊಂಡಿ ಒಳಗೆ ಬಾಗಿದೆಯಾ? ಹಾಗಿದ್ದರೆ ಅತಿ ಹಗುರವಾದ ಗೇರಿಗೆ ಹಾಕಿದಾಗ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿಕೊಂಡು ಹಿಂದಿನ ಚಕ್ರ ನಿಂತೇಬಿಡಬಹುದು. ಅದನ್ನು ನೇರ ಮಾಡಿಸುವ ತನಕ ಆ ಗೇರ್ ಮುಟ್ಟಬೇಡಿ.