85 ಎಂಎಂ ಬೇಡ ತಮ್ಮಾ, ಅಪ್ಪನ ಕುರ್ಚಿ ಅಲ್ಲೇ ಇರಲಿ

ತಮ್ಮಾ, ನಿನ್ನ ಪೋಸ್ಟ್ ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಇನ್ನೊಮ್ಮೆ ಓದಿ ಈಗ ಬರೆಯಲು ಕೂತಿದ್ದೇನೆ. ವಯಸ್ಸಿನಲ್ಲಿ ನಾನು ಸಾಕಷ್ಟು ದೊಡ್ಡವನು, ಅದಕ್ಕೇ 'ನೀನು' ಅನ್ನುತ್ತೇನೆ. ಬೇಸರ ಬೇಡ.

ನೀನು ಕೇಳಿದ್ದು ಇಷ್ಟು. ಅಪ್ಪ ಹೋಗಿ ಎಂಟು ತಿಂಗಳಾಯಿತು. ನೀನು ಬೆಂಗಳೂರಿನಲ್ಲಿ, ಅವ್ವ ಕಲಬುರಗಿ ಕಡೆಯ ಸೇಡಂ ಹತ್ತಿರದ ಊರಲ್ಲಿ ಒಬ್ಬರೇ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಅವ್ವನ, ಮನೆಯ ಫೋಟೋ ತೆಗೆದು ಒಂದು ಸರಣಿ ಮಾಡುವ ಆಸೆ. ಕೈಯಲ್ಲಿ ಹಳೆಯ ಕ್ರಾಪ್ ಸೆನ್ಸರ್ (ಒಳಗಿನ ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾ, 50 ಎಂಎಂ ಲೆನ್ಸ್. 85 ತಗೊಳ್ಳಲಾ? ಕಪ್ಪು ಬಿಳುಪು ಮಾಡಲಾ? ಅವ್ವ ಅಳುವಾಗ ಕ್ಯಾಮೆರಾ ಎತ್ತುವುದು ತಪ್ಪಾ? ಮೇಲೆ ಏಳೆಂಟು ಜನ ಲೆನ್ಸ್ ಬಗ್ಗೆಯೇ ಬರೆದಿದ್ದಾರೆ. ನಮ್ಮ ಫೋಟೋಗ್ರಫಿ ಗುಂಪಿನ ರೋಗ ಅದು, ಇರಲಿ.

ಲೆನ್ಸಿನ ಮಾತು ಮೊದಲೇ ಮುಗಿಸುತ್ತೇನೆ. 85 ಬೇಡ. ಎಂಎಂ ಹೆಚ್ಚಾದಷ್ಟೂ ಫ್ರೇಮಿಗೆ ಸಿಗುವ ಜಾಗ ಕಡಿಮೆ. ಕ್ರಾಪ್ ಬಾಡಿಯ ಮೇಲೆ ನಿನ್ನ 50 ಹೆಚ್ಚುಕಡಿಮೆ 75-80ರ ಕೆಲಸ ಮಾಡುತ್ತದೆ. ನಮ್ಮ ಕಡೆಯ ಪಡಸಾಲೆಯಲ್ಲಿ 85 ಹಾಕಿಕೊಂಡು ಹಿಂದೆ ಸರಿದರೆ ಬೆನ್ನು ಗೋಡೆಗೆ ತಾಗುತ್ತದೆ. ಆದರೂ ಅವ್ವನ ಮುಖ ಬಿಟ್ಟು ಬೇರೇನೂ ಬರುವುದಿಲ್ಲ. ನಿನಗೆ ಮನೆಯೂ ಬೇಕಲ್ವಾ? ಕ್ಯಾಮೆರಾ ಜೊತೆ ಬಂದ, ಅಗಲವಾಗಿ ಕಾಣುವ 18-55 ಲೆನ್ಸ್ ಎಲ್ಲಾದರೂ ಬಿದ್ದಿದ್ದರೆ ಒರೆಸಿ ಚೀಲಕ್ಕೆ ಹಾಕಿಕೋ. ಉಳಿದ ದುಡ್ಡು ಪ್ರಿಂಟಿಗೆ ಬೇಕಾಗುತ್ತದೆ.

ಈಗ ನಮ್ಮ ಮನೆಯದೊಂದು ಕೇಳು. ಮುತ್ಯಾ, ಅಂದರೆ ನಮ್ಮ ಅಜ್ಜ, ತೀರಿಕೊಂಡಾಗ ಗೋಡೆಗೆ ಹಾಕಲು ಒಂದೂ ಫೋಟೋ ಇರಲಿಲ್ಲ. ವೋಟರ್ ಕಾರ್ಡಿನಲ್ಲಿದ್ದ ಚಿಕ್ಕ ಫೋಟೋವನ್ನೇ ಒಂದು ಸ್ಟುಡಿಯೋಗೆ ಕೊಟ್ಟೆವು. ಮೂರು ದಿನ ಬಿಟ್ಟು ದೊಡ್ಡದಾಗಿ ಫ್ರೇಮ್ ಆಗಿ ಬಂತು. ಮುತ್ಯಾನ ಮೈಮೇಲೆ ನೀಲಿ ಕೋಟು, ಟೈ. ಹಿಂದೆ ಗುಲಾಬಿ ತೋಟ. ತಲೆ ಮೇಲಿನ ರುಮಾಲು ತೆಗೆದು ಕರಿ ಕೂದಲು ಹಚ್ಚಿದ್ದರು! ಹುಟ್ಟಿದಾಗಿನಿಂದ ಧೋತರ, ರುಮಾಲು ಬಿಟ್ಟು ಬೇರೇನೂ ಕಾಣದ ಮನುಷ್ಯ. ಆಯಿ (ಅಜ್ಜಿ) ಹತ್ತಿರ ಬಂದು ನೋಡಿ, "ಇಂವ ಯಾರಪಾ?" ಅಂದಳು. ಈಗಲೂ ಅದೇ ಗೋಡೆಯ ಮೇಲಿದೆ. ಹಬ್ಬಕ್ಕೆ ಅದಕ್ಕೇ ಹಾರ ಹಾಕುತ್ತೇವೆ. ನಾನು ಕ್ಯಾಮೆರಾ ಹಿಡಿದದ್ದೇ ಆ ಕೋಟಿನ ಸಿಟ್ಟಿಗೆ.

ಅದಕ್ಕೇ ಹೇಳುತ್ತೇನೆ, ಹೊಸ ಫೋಟೋ ತೆಗೆಯುವ ಮೊದಲು ಇದ್ದದ್ದನ್ನು ಕೂಡಿಸು. ಮದುವೆ ಆಲ್ಬಂ, ಟ್ರಂಕಿನ ತಳದ ಪಾಸ್‌ಪೋರ್ಟ್ ಸೈಜ್ ಫೋಟೋ, ಸೋದರಮಾವನ ಮೊಬೈಲ್‌ನಲ್ಲಿದ್ದದ್ದು, ಎಲ್ಲಾ. ಮೊಬೈಲ್‌ದಿದ್ದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳು, ಸುಮ್ನೆ ಫೋಟೋ ಅಂತ ಕಳಿಸಿದರೆ ಕುಗ್ಗುತ್ತದೆ. ಪೇಪರ್ ಫೋಟೋಗಳಿಗೆ ಸ್ಕ್ಯಾನರ್ ಸಿಕ್ಕರೆ 600 ಡಿಪಿಐ ಇಡು. ಸಿಗದಿದ್ದರೆ ಗಾಜು ತೆಗೆದು ನೆರಳಿನಲ್ಲಿ ನೆಲದ ಮೇಲಿಟ್ಟು, ಕ್ಯಾಮೆರಾ ನೇರ ಮೇಲೆ ಹಿಡಿದು, ಫ್ಲ್ಯಾಶ್ ಇಲ್ಲದೆ ತೆಗೆ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡ, ಮೇಲ್ಪದರವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ತೆಗೆ. ನಿನ್ನ ಬಿಂಬ ಬೀಳದಂತೆ ಒಂದು ಕರಿ ಬಟ್ಟೆ ಹೊದ್ದುಕೊಂಡು ಲೆನ್ಸ್ ಮಾತ್ರ ಹೊರಗಿಡು.

ಇದನ್ನು ಅವ್ವನ ಜೊತೆ ಕೂತೇ ಮಾಡು. ಒಂದೊಂದು ಫೋಟೋ ಕೈಗೆ ಕೊಡು, ಯಾರು, ಎಲ್ಲಿ, ಯಾವಾಗ ಅಂತ ಕೇಳು. ಮೊಬೈಲ್‌ನಲ್ಲಿ ದನಿ ರೆಕಾರ್ಡ್ ಆಗುತ್ತಿರಲಿ. ಆಗುತ್ತಿದೆ ಅಂತ ಅವ್ವನಿಗೂ ಗೊತ್ತಿರಲಿ. ಅವತ್ತು ಕ್ಯಾಮೆರಾ ಅವ್ವನ ಕಡೆ ತಿರುಗಿಸಲೇಬೇಡ.

ಮುಂದಿನ ಸಲ ತಿರುಗಿಸಿದಾಗ ಏನಾಗುತ್ತದೆ ಗೊತ್ತಾ? "ನನ್ನ ಮಾರಿ ಏನ್ ತೆಗಿತಿ, ಆ ಹೂವಿಂದು ತೆಗಿ ಹೋಗ್" ಅಂತಾರೆ. ನಮ್ಮ ಅವ್ವ ಹಾಗೇ ಅಂದಿದ್ದರು. ಒತ್ತಾಯ ಮಾಡಿದರೆ ಹೊಸ ಸೀರೆ ಉಟ್ಟುಕೊಂಡು ಬಂದು ಆಧಾರ್ ಕಾರ್ಡಿಗೆ ಕೂತಂತೆ ಕೂರುತ್ತಾರೆ. ಅದೂ ಒಂದು ತೆಗೆ, ಅವರಿಗೆ ಅದೇ ಇಷ್ಟವಾಗುವುದು. ಆಮೇಲೆ ಅವರ ಕೆಲಸ ಅವರು ಮಾಡಲಿ. ರೊಟ್ಟಿ ಬಡಿಯುವಾಗ ಶಟರ್ ವೇಗ 1/500 ಸೆಕೆಂಡ್ ಇಟ್ಟರೆ ಕೈ ಕಲ್ಲಾಗಿ ನಿಲ್ಲುತ್ತದೆ. 1/60ಕ್ಕೆ ಇಳಿಸಿ ನೋಡು, ಮುಖ ಸ್ಥಿರ, ಕೈ ಮಾತ್ರ ಆಡುತ್ತದೆ. ನನಗೆ ಎರಡನೆಯದೇ ಸರಿ.

ಇನ್ನೊಂದು ಕೇಳಬೇಕು. ಅಪ್ಪನ ಬಟ್ಟೆ ಏನು ಮಾಡಿದಿರಿ? ಕೆಲವರು ದಾನ ಕೊಡುತ್ತಾರೆ, ಕೆಲವರು ಟ್ರಂಕಿನಲ್ಲೇ ಇಟ್ಟುಕೊಂಡಿರುತ್ತಾರೆ. ಧೋತರ, ಅಂಗಿ ಉಳಿದಿದ್ದು, ಅವ್ವನಿಗೆ ಕೌದಿ (ಹಳೆ ಬಟ್ಟೆಯ ಹೊದಿಕೆ) ಹೊಲಿಯುವ ರೂಢಿ ಇದ್ದರೆ, ಅದರೊಳಗೆ ಹಾಕುತ್ತಾರಾ ಅಂತ ಮೆಲ್ಲಗೆ ಕೇಳಿ ನೋಡು. ಹೂಂ ಅಂದರೆ ನಿನಗೆ ಬೇರೆ ಪ್ರಾಜೆಕ್ಟೇ ಬೇಡ. ಕೌದಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೀನು ಹೋದಾಗಲೆಲ್ಲ ಅಷ್ಟಷ್ಟು ಮುಂದೆ ಹೋಗಿರುತ್ತದೆ. ಯಾವ ಅಂಗಿಯ ತುಂಡು ಯಾವ ಮೂಲೆಗೆ ಹೋಯಿತು ಅನ್ನುವುದನ್ನು ಹತ್ತಿರದಿಂದ ತೆಗೆ. ಬೇಡ ಅಂದರೆ ಮತ್ತೆ ಎತ್ತಬೇಡ.

ಬೆಳಕಿನ ವಿಷಯ. ಸೇಡಂ, ಶಹಾಬಾದ್ ಕಡೆ ಮನೆ ಅಂದರೆ ಗೋಡೆಯೂ ಕಲ್ಲು, ನೆಲವೂ ಪರಸಿ (ಹಾಸುಗಲ್ಲು). ಅದು ದೊಡ್ಡ ಅನುಕೂಲ. ಬಿಸಿಲು ಅಂಗಳದ ಪರಸಿಗೆ ಬಿದ್ದು ಪಡಸಾಲೆಯೊಳಗೆ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಸೆರಗು ಹೊತ್ತ ಮುಖಕ್ಕೂ, ಕಣ್ಣಿನ ಕುಳಿಗೂ ಬೆಳಕು ಸಿಗುತ್ತದೆ. ಅವ್ವನನ್ನು ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ, ಬಾಗಿಲಿಗೆ ಓರೆಯಾಗಿ ಕೂರಿಸು. ಲೆನ್ಸ್ ಎಷ್ಟು ತೆರೆಯಬೇಕು ಅನ್ನುವುದು ಎಫ್ 2.8, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಐಎಸ್ಒ 800ರಿಂದ 1600. ಹೀಗೆ ಕೂರಿಸಿ ತೆಗೆಯುವಾಗ ಶಟರ್ 1/125ಕ್ಕಿಂತ ಕೆಳಗೆ ಬೇಡ, ರೊಟ್ಟಿಯ 1/60 ಬೇರೆ ಮಾತು. ಫೋಕಸ್ ನಿನಗೆ ಹತ್ತಿರವಿರುವ ಕಣ್ಣಿನ ಮೇಲೆ. ಟ್ಯೂಬ್‌ಲೈಟ್ ಬಂದ್ ಮಾಡು, ಇಲ್ಲದಿದ್ದರೆ ಒಂದು ಕೆನ್ನೆ ಹಸಿರಾಗುತ್ತದೆ. ಗೋಡೆಗೆ ಹಸಿರು ಬಣ್ಣ ಹೊಡೆಸಿದ್ದರೂ ಅದೇ ಕಥೆ, ಗೋಡೆಯಿಂದ ದೂರ ಕೂರಿಸು. ಏಪ್ರಿಲ್ ಮೇನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಹೊರಗೆ ಪೋರ್ಟ್ರೇಟ್ ತೆಗೆಯುವ ಹುಚ್ಚು ಮಾಡಬೇಡ. ನಮ್ಮ ಬಿಸಿಲು ನಿನಗೆ ಗೊತ್ತೇ ಇದೆ.

ಕಪ್ಪು ಬಿಳುಪು? ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆ, ಆಮೇಲೆ ಬೇಕಾದರೆ ನೋಡೋಣ. ನನ್ನ ಅಭಿಪ್ರಾಯ ಕೇಳಿದರೆ ಬಣ್ಣವೇ ಇರಲಿ. ದುಃಖ ಅಂದ ಕೂಡಲೇ ಎಲ್ಲರೂ ಕಪ್ಪು ಬಿಳುಪಿಗೆ ಓಡುತ್ತಾರೆ. ಮದುವೆ ಆಲ್ಬಂನ ಕೈ ತುಂಬ ಹಸಿರು ಬಳೆ, ಈಗಿನ ಬರೀ ಕೈ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಆ ವ್ಯತ್ಯಾಸ ಬಣ್ಣದಲ್ಲೇ ಗೊತ್ತಾಗುವುದು. ಅವ್ವ ಬಳೆ ತೆಗೆದಿಲ್ಲ ಅಂದರೆ ಇನ್ನೂ ಒಳ್ಳೆಯದು, ಅದನ್ನೂ ತೆಗೆ.

ಅಳುವಾಗ ಏನು ಮಾಡಬೇಕು ಅಂದೆ. ನನ್ನ ತಪ್ಪೊಂದು ಹೇಳುತ್ತೇನೆ. ಕಾಕಾ ಹೋದ ದಿನ ಕಾಕಿ ಕಂಬಕ್ಕೆ ಒರಗಿ ಅಳುತ್ತಿದ್ದರು. ಬೆಳಕು ಚೆನ್ನಾಗಿತ್ತು, ನಾನು ತೆಗೆದೆ. ಫೋಟೋ ಅಂತ ನೋಡಿದರೆ ನನ್ನ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು. ಕಾಕಿ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ನಾನು ಕ್ಯಾಮೆರಾ ತೆಗೆದರೆ ಎದ್ದು ಒಳಗೆ ಹೋಗುತ್ತಾರೆ. ಆ ಫೋಟೋ ಯಾರಿಗೂ ತೋರಿಸಿಲ್ಲ.

ಹಾಗಂತ ಕಷ್ಟದ ಫೋಟೋ ತೆಗೆಯಲೇಬಾರದು ಅಂತಲ್ಲ. ರಿಚರ್ಡ್ ಅವೆಡನ್ ಅಮೆರಿಕದ ದೊಡ್ಡ ಫ್ಯಾಷನ್ ಫೋಟೋಗ್ರಾಫರ್. ಕ್ಯಾನ್ಸರ್ ಆದ ಅಪ್ಪನನ್ನು ಬಿಳಿ ಹಿನ್ನೆಲೆಯ ಮುಂದೆ ಕೂರಿಸಿ ಕೆಲವು ವರ್ಷ ಫೋಟೋ ತೆಗೆದ. ಅಪ್ಪ 1973ರಲ್ಲಿ ತೀರಿಕೊಂಡರು. 1974ರಲ್ಲಿ ಅವು ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಬಂದವು. ಮುಖ ಕರಗುತ್ತಾ ಹೋಗುವುದು ಅವುಗಳಲ್ಲಿ ಕಾಣುತ್ತದೆ. ಆದರೆ ಅಲ್ಲಿ ಅಪ್ಪ ಕ್ಯಾಮೆರಾ ಇದೆ ಅಂತ ಗೊತ್ತಿದ್ದೇ ಅದರ ಎದುರು ಕೂತವರು. ಕಾಕಿ ಹಾಗೆ ಕೂತಿರಲಿಲ್ಲ. ನೀನು ಅವ್ವ ಅಳುವಾಗ ಕ್ಯಾಮೆರಾ ಕೆಳಗಿಡು, ಪಕ್ಕ ಕೂರು. ಅತ್ತು ಮುಖ ತೊಳೆದುಕೊಂಡು ಚಹಾಕ್ಕೆ ಇಟ್ಟ ಮೇಲೆ, "ಒಂದು ತೆಗೀಲಾ ಅವ್ವಾ?" ಅಂತ ಕೇಳು. ಯಾವುದೇ ಫೋಟೋ ನಮ್ಮ ಗುಂಪಿಗೆ ಹಾಕುವ ಮೊದಲು ಅವ್ವನಿಗೆ ತೋರಿಸು. ಬೇಡ ಅಂದರೆ ಮುಗಿಯಿತು.

ಈಗ ಕುರ್ಚಿಗೆ ಬರುತ್ತೇನೆ. ನಿನ್ನ ಪೋಸ್ಟಿನ ಕೊನೆಯಲ್ಲಿ ಒಂದು ಸಾಲು ಇತ್ತು. ಅಪ್ಪನ ಪ್ಲಾಸ್ಟಿಕ್ ಕುರ್ಚಿ ಫ್ರೇಮಿನಲ್ಲಿ ಅಡ್ಡ ಬರುತ್ತದೆ, ಸರಿಸಬೇಕು ಅಂತ. ಸರಿಸಬೇಡ ಮಾರಾಯಾ. ಇಡೀ ಪೋಸ್ಟಿನಲ್ಲಿ ನನಗೆ ಫೋಟೋ ಕಂಡದ್ದು ಅದೊಂದರಲ್ಲೇ. ಮನುಷ್ಯ ಇಲ್ಲ ಅನ್ನುವುದನ್ನು ತೆಗೆಯಲು ಬರುವುದಿಲ್ಲ, ಅವರು ಕೂರುತ್ತಿದ್ದ ಜಾಗ ತೆಗೆಯಲು ಬರುತ್ತದೆ. ಕ್ಯಾಮೆರಾ ಎಲ್ಲಿಟ್ಟೆ ಅಂತ ಪರಸಿ ಮೇಲೆ ಸುಣ್ಣದಲ್ಲಿ ಗುರುತು ಹಾಕು. ಪ್ರತಿ ಸಲ ಅಲ್ಲಿಂದಲೇ, ಅದೇ ಎತ್ತರದಿಂದ, ಒಂದು ಫ್ರೇಮ್. ಒಂದು ತಿಂಗಳು ಕುರ್ಚಿ ಮೇಲೆ ತೊಗರಿ ಚೀಲ ಇರುತ್ತದೆ, ಇನ್ನೊಂದು ತಿಂಗಳು ಪಕ್ಕದ ಮನೆ ಹುಡುಗ ಕೂತಿರುತ್ತಾನೆ. ಯಾವತ್ತೋ ಒಂದು ದಿನ ಅವ್ವನೇ ಕೂರಬಹುದು. ನೀನು ಕೂರಿಸಬೇಡ.

ಹಾಗೇ ವರ್ಷಕ್ಕೊಂದು, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಿನ. ಈ ವರ್ಷ ಸೂತಕ ಅಂತ ನಿಮ್ಮ ಮನೆಯಲ್ಲಿ ಹಬ್ಬ ಮಾಡದೇ ಇರಬಹುದು. ಆದರೂ ಹೊಲಕ್ಕೆ ಹೋಗು. ಚರಗ (ಹೊಲಕ್ಕೆ ಅರ್ಪಿಸುವ ಅಡುಗೆ) ಚೆಲ್ಲುವವರಿಲ್ಲದ ಹೊಲವೂ ಒಂದು ಫೋಟೋ. ಮುಂದಿನ ವರ್ಷದಿಂದ ಭಜ್ಜಿ, ಕಡುಬು, ರೊಟ್ಟಿ ಬುತ್ತಿಯ ಸುತ್ತ ಯಾರು ಬರುತ್ತಾರೋ ಅವರೆಲ್ಲ ಒಂದೇ ಮರದ ಕೆಳಗೆ. ಹೊತ್ತು ನೆತ್ತಿಗೆ ಬಂದಿರುತ್ತದೆ, ಪೂರ್ತಿ ನೆರಳಿನಲ್ಲಿ ನಿಲ್ಲಿಸು, ಎಲೆ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕಿ ಬೀಳಿಸಬಾರದು. ಅಮೆರಿಕದ ನಿಕೋಲಸ್ ನಿಕ್ಸನ್ 1975ರಿಂದ ತನ್ನ ಹೆಂಡತಿಯನ್ನೂ ಆಕೆಯ ಮೂವರು ತಂಗಿಯರನ್ನೂ ವರ್ಷಕ್ಕೊಂದು ಚಿತ್ರದಂತೆ, ನಿಂತ ಸಾಲು ಬದಲಿಸದೆ, 40 ವರ್ಷದ ಮೇಲೂ ತೆಗೆದ. ಮೊದಲ ಐದು ಚಿತ್ರ ನೋಡಿದರೆ ಏನೂ ಅನ್ನಿಸುವುದಿಲ್ಲ. 20ರ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಕೊನೆಗೆ ಪ್ರಿಂಟ್. ಪ್ರತಿ ತಿಂಗಳು 4×6 ಇಂಚು ಸೈಜಿನ ನಾಲ್ಕೈದು ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವ್ವನ ಕೈಗೆ ಕೊಡು. ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಬರೆ. ಫೈಲ್‌ಗಳು ಎರಡು ಹಾರ್ಡ್ ಡಿಸ್ಕಿನಲ್ಲಿರಲಿ, ಒಂದು ಊರಲ್ಲಿ, ಒಂದು ಬೆಂಗಳೂರಿನಲ್ಲಿ.

ಶನಿವಾರ ಊರಿಗೆ ಹೋಗುತ್ತೇನೆ ಅಂದಿದ್ದೀಯಲ್ಲ. ಕುರ್ಚಿದು ಒಂದು ತೆಗೆದು, ಅವ್ವನನ್ನು ಕೇಳಿ, ಇಲ್ಲೇ ಕೆಳಗೆ ಹಾಕು. ಮೊಬೈಲ್‌ದಾದರೂ ನಡೆಯುತ್ತದೆ.