ವಾಹನ ಪ್ರಶ್ನೋತ್ತರ: ಕೈಗೆಟುಕದ ಸ್ಪಾರ್ಕ್ ಪ್ಲಗ್

ಮನೆಯಲ್ಲೇ ಪ್ಲಗ್ ಬದಲಿಸುವ ಬಗ್ಗೆ ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 2006ರ ಹೋಂಡಾ ಸಿಟಿ ಝಡ್‌ಎಕ್ಸ್, ಐ-ಡಿಎಸ್‌ಐ ಎಂಜಿನ್. ಗ್ಯಾರೇಜಿನಲ್ಲಿ ಪ್ಲಗ್ ಎಲ್ಲ ಹೊಸದು ಹಾಕಿದೆವೆಂದು ನಾಲ್ಕು ಹಳೆಯ ಪ್ಲಗ್ ಕೈಗಿತ್ತರು. ಆದರೂ ಖಂಡಾಲಾ ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ. ಈ ಎಂಜಿನ್ನಿಗೆ ಎಂಟು ಪ್ಲಗ್ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ಉಳಿದ ನಾಲ್ಕನ್ನು ಮನೆಯಲ್ಲೇ ಬದಲಿಸಬಹುದೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. ನಿಮ್ಮ ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಪ್ಲಗ್. ರೇಡಿಯೇಟರ್ ಕಡೆಗೆ ನಾಲ್ಕು, ಗಾಜಿನ ಕಡೆಗೆ ನಾಲ್ಕು. ಬಾನೆಟ್ ಎತ್ತಿದಾಗ ಕಾಣುವುದು ಮುಂದಿನ ಸಾಲು ಮಾತ್ರ. ಹಿಂದಿನ ಸಾಲು ವೈಪರಿನ ಕೆಳಗೆ ಅಡಗಿ ಕೂತಿರುತ್ತದೆ. ಒಂದು ಪ್ಲಗ್ ಸೊರಗಿದರೂ ಅದೇ ಸಿಲಿಂಡರಿನ ಇನ್ನೊಂದು ಕಿಡಿ ಕೊಡುತ್ತಲೇ ಇರುವುದರಿಂದ ಎಂಜಿನ್ ಎದ್ದು ಕಾಣುವಂತೆ ಮಿಸ್ಸಿಂಗ್ ಹೊಡೆಯುವುದಿಲ್ಲ. ಪಿಕಪ್ ಮತ್ತು ಮೈಲೇಜ್ ಮೆಲ್ಲಗೆ ಇಳಿಯುತ್ತವೆ, ಅಷ್ಟೆ. ಹಾಗಾಗಿ ಹಿಂದಿನ ನಾಲ್ಕನ್ನು ಮುಟ್ಟದೆ ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಹಳೆಯ ಸಿಟಿ ಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ.

ಮನೆಯಲ್ಲಿ ಖಂಡಿತ ಮಾಡಬಹುದು. ಒಂದು ಭಾನುವಾರದ ಬೆಳಗು ಪೂರ್ತಿ ಎತ್ತಿಡಿ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಲಿ. ಹೆಡ್, ಅಂದರೆ ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಲ್ಯೂಮಿನಿಯಮ್ಮಿನದು, ಬಿಸಿಯಿದ್ದಾಗ ಪ್ಲಗ್ ತಿರುಗಿಸಿದರೆ ಹೆಡ್ಡಿನ ಥ್ರೆಡ್ಡೇ ಕಿತ್ತು ಬರಬಹುದು.

ಬೇಕಾದ ಸಾಮಾನು: ಮೂರು-ಎಂಟನೇ ಇಂಚಿನ ರ‍್ಯಾಚೆಟ್, ಒಳಗೆ ಅಯಸ್ಕಾಂತವಿರುವ 16 ಎಂ.ಎಂ. ಪ್ಲಗ್ ಸಾಕೆಟ್ (ಅಂಗಡಿಯಲ್ಲಿ ‘ಪ್ಲಗ್ ಗೋಟಿ’ ಎಂದರೂ ಕೊಡುತ್ತಾರೆ), 75 ಮತ್ತು 150 ಎಂ.ಎಂ. ಎಕ್ಸ್‌ಟೆನ್ಶನ್, ಒಂದು ಯೂನಿವರ್ಸಲ್ ಜಾಯಿಂಟ್, ಕಾಯಿಲ್ (ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಬೋಲ್ಟಿಗೆ 10 ಎಂ.ಎಂ. ಸಾಕೆಟ್, ಸೈಕಲ್ ಪಂಪು, ಪ್ಲಗ್ಗಿನ ತಲೆಗೆ ಬಿಗಿಯಾಗಿ ಕೂರುವ ಪೆಟ್ರೋಲ್ ಪೈಪಿನ ಒಂದಡಿ ತುಂಡು, ಡೈಎಲೆಕ್ಟ್ರಿಕ್ ಗ್ರೀಸ್. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇವೆಲ್ಲ ನಾಗದೇವಿ ಸ್ಟ್ರೀಟಿನಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ವೈಪರ್ ನಿಂತ ಜಾಗದಲ್ಲಿ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಇಲ್ಲವಾದರೆ ಮರುಜೋಡಣೆಯಾದ ಮೇಲೆ ವೈಪರ್ ಗಾಜಿನ ಅಂಚಿಗೆ ಬಡಿಯುತ್ತದೆ. ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಸ್ಪ್ರಿಂಗಿರುವ ವೈಪರ್ ತೋಳು ಕೈಜಾರಿ ಬಿದ್ದರೆ ಗಾಜೇ ಬಿರಿಯುತ್ತದೆ. ತೋಳಿನ ನಟ್ ಬಿಚ್ಚಿ, ತೋಳನ್ನು ಅತ್ತಿತ್ತ ಅಲುಗಿಸುತ್ತ ಎಬ್ಬಿಸಿ. ಸ್ಕ್ರೂಡ್ರೈವರ್ ತೂರಿಸಿ ಎತ್ತಬೇಡಿ. ಆಮೇಲೆ ಗಾಜಿನ ಬುಡದ ಪ್ಲಾಸ್ಟಿಕ್ ಕೌಲ್, ಅದರಡಿಯ ವೈಪರ್ ಮೋಟಾರಿನ ಜೋಡಣೆ ತೆಗೆದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಕೌಲಿನ ಕ್ಲಿಪ್‌ಗಳು ವಯಸ್ಸಾಗಿ ಪುಡಿಯಾಗುವುದು ಸಾಮಾನ್ಯ. ಏಳೆಂಟು ಹೊಸ ಕ್ಲಿಪ್ ಮೊದಲೇ ತಂದಿಡಿ. ಕೌಲ್ ಸಡಿಲ ಉಳಿದರೆ ಮುಂಬಯಿ ಮಳೆಯ ನೀರು ನೇರ ಕಾಯಿಲುಗಳ ಮೇಲೇ ಬೀಳುತ್ತದೆ.

ಇನ್ನು ಕಾಯಿಲ್. ಕನೆಕ್ಟರಿನ ಪ್ಲಾಸ್ಟಿಕ್ ನಾಲಗೆ ಹದಿನೈದಿಪ್ಪತ್ತು ವರ್ಷ ಶಾಖ ಕುಡಿದು ಹಪ್ಪಳದಂತಾಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿ, ಕನೆಕ್ಟರನ್ನು ಮೊದಲು ಒಳಕ್ಕೆ ತುಸು ತಳ್ಳಿ, ಆಮೇಲೆ ಎಳೆಯಿರಿ. ತಂತಿ ಹಿಡಿದು ಜಗ್ಗಬಾರದು. ಬೋಲ್ಟ್ ತೆಗೆದು ಕಾಯಿಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿ, ಕೂತಿರುವ ಕೋನದಲ್ಲೇ ನೇರ ಎಳೆದರೆ ರಬ್ಬರ್ ಬೂಟ್ ಹರಿಯದೆ ಬರುತ್ತದೆ. ಕಾಯಿಲಿಗೆ ಸಿಲಿಂಡರ್ ನಂಬರ್ ಬರೆದಿಡಿ.

ಈಗ ಅವಸರವೇ ಬೇಡ. ಕೆಟ್ಟುಹೋಗುವ ಹತ್ತು ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲಿಂದ ಮುಂದೆ. ಪ್ಲಗ್ ಕೂತ ಬಾವಿಯಲ್ಲಿ ಮರಳು, ಧೂಳು, ಕೆಲವೊಮ್ಮೆ ಸಣ್ಣ ಕಲ್ಲಿನ ಚೂರು ಇರುತ್ತದೆ. ಪ್ಲಗ್ ಎತ್ತಿದ ಕೂಡಲೇ ಅದು ಸಿಲಿಂಡರಿಗೆ ಬೀಳುತ್ತದೆ, ಪಿಸ್ಟನ್ನು ಅದನ್ನು ಗೋಡೆಗೆ ಉಜ್ಜುತ್ತದೆ. ಪಂಪಿನಿಂದ ಊದಿ ಚೊಕ್ಕಟ ಮಾಡಿ. ಪ್ಲಗ್ಗನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಇನ್ನೊಮ್ಮೆ ಊದಿ. ಅನಂತರವೇ ಪೂರ್ತಿ ಬಿಚ್ಚಿ.

ಎಕ್ಸ್‌ಟೆನ್ಶನ್ ಮತ್ತು ಸಾಕೆಟ್ ಕೂಡುವಲ್ಲಿ ಇನ್ಸುಲೇಶನ್ ಟೇಪಿನ ಎರಡು ಸುತ್ತು ಹಾಕಿ. ಇಲ್ಲವಾದರೆ ಎಕ್ಸ್‌ಟೆನ್ಶನ್ ಮೇಲೆ ಬರುತ್ತದೆ, ಸಾಕೆಟ್ ಬಾವಿಯಲ್ಲೇ ಉಳಿಯುತ್ತದೆ. ಅದನ್ನು ಮೀನು ಹಿಡಿದಂತೆ ಹಿಡಿಯಲು ಅರ್ಧ ದಿನ ಬೇಕು. ಹಿಂದಿನ ಸಾಲಿಗೆ ಯೂನಿವರ್ಸಲ್ ಜಾಯಿಂಟ್ ಬೇಕಾಗಬಹುದು, ಆದರೆ ಅದು ಬಾವಿಯ ಬಾಯಿಯಿಂದ ಮೇಲೇ ಇರಲಿ. ಒಳಗೆ ಬಾಗಿದರೆ ಸಾಕೆಟ್ ಓರೆಯಾಗಿ ಪಿಂಗಾಣಿಯನ್ನು ಒತ್ತುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಿಡಿ ತುದಿಗೆ ಹೋಗದೆ ಬಿರುಕಿನಿಂದಲೇ ಹೆಡ್ಡಿಗೆ ಹಾರಿಬಿಡುತ್ತದೆ. ಹೊಸ ಪ್ಲಗ್ ಹಾಕಿಯೂ ಮಿಸ್ಸಿಂಗ್ ಎನ್ನುವವರು ಇದನ್ನು ಪರೀಕ್ಷಿಸಬೇಕು. ನೆಲಕ್ಕೆ ಬಿದ್ದ ಹೊಸ ಪ್ಲಗ್ಗನ್ನೂ ಇದೇ ಕಾರಣಕ್ಕೆ ಹಾಕಬಾರದು.

ಹೊಸ ಪ್ಲಗ್ ಕೂರಿಸಲು ರ‍್ಯಾಚೆಟ್ ಮುಟ್ಟಲೇಬೇಡಿ. ಪ್ಲಗ್ಗಿನ ತಲೆಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾವಿಗೆ ಇಳಿಸಿ. ಮೊದಲು ಉಲ್ಟಾ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಪ್ಲಗ್ ‘ಟಿಕ್’ ಎಂದು ಕೂದಲಷ್ಟು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್ಡಿನ ಬಾಯಿ ಅದೇ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ಪೈಪೇ ಜಾರುತ್ತದೆ, ಹೆಡ್ಡಿಗೆ ಏನೂ ಆಗುವುದಿಲ್ಲ. ಲೋಹದ ಪಾನಾಕ್ಕೆ ಈ ಮೆದುತನವಿಲ್ಲ. 19 ಎಂ.ಎಂ. ಉದ್ದದ ಥ್ರೆಡ್, ಸುತ್ತಿಗೆ 1.25 ಎಂ.ಎಂ.; ಅಂದರೆ ಸುಮಾರು ಹದಿನೈದು ಸುತ್ತು ಕೈಯಲ್ಲೇ ಹಗುರಾಗಿ ಇಳಿಯಬೇಕು. ಮೂರು ಸುತ್ತಿಗೇ ಬಿಗಿಯಾದರೆ ಏನೋ ತಪ್ಪಿದೆ. ಬಿಚ್ಚಿ ಮತ್ತೆ ಮೊದಲಿನಿಂದ ಮಾಡಿ.

ಬಿಗಿತದ ಲೆಕ್ಕಕ್ಕೆ ಗಾಡಿಯ ಮ್ಯಾನ್ಯುಯಲ್ಲೇ ಪ್ರಮಾಣ. 14 ಎಂ.ಎಂ. ಥ್ರೆಡ್ಡಿನ ವಾಶರ್ ಪ್ಲಗ್ಗಿಗೆ ಅಲ್ಯೂಮಿನಿಯಮ್ ಹೆಡ್ಡಿನಲ್ಲಿ 25–30 ನ್ಯೂಟನ್ ಮೀಟರ್ ಎಂದು ಪ್ಲಗ್ ತಯಾರಕರು ಹೇಳುತ್ತಾರೆ. ಹೋಂಡಾ ತನ್ನ ಹಲವು ಎಂಜಿನ್ನುಗಳಿಗೆ 18 ಸಾಕೆನ್ನುತ್ತದೆ, ನೀವು ಹೋಂಡಾದ ಮಾತನ್ನೇ ಕೇಳಿ. ಟಾರ್ಕ್ ರೆಂಚ್ ಹಿಂದಿನ ಸಾಲಿಗೆ ಹಿಡಿಸದಿದ್ದರೆ, ವಾಶರ್ ಹೆಡ್ಡಿಗೆ ತಾಗಿದ ಮೇಲೆ ಇನ್ನು ಅರ್ಧ ಸುತ್ತು ಬಿಗಿದರೆ ಸಾಕು. ಹಳೆಯ ಪ್ಲಗ್ಗನ್ನೇ ಮರಳಿ ಹಾಕುವುದಾದರೆ ವಾಶರ್ ಆಗಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಸುತ್ತು ಮಾತ್ರ. ಕಡಿಮೆ ಬಿಗಿದರೂ ತೊಂದರೆಯೇ: ಪ್ಲಗ್ಗಿನ ಶಾಖ ಹೆಡ್ಡಿಗೆ ಇಳಿಯದೆ ತುದಿ ಸುಡುತ್ತದೆ.

ಕಾಯಿಲಿನ ಬೂಟಿನ ಒಳಬಾಯಿಗೆ ಗ್ರೀಸನ್ನು ತೆಳುವಾಗಿ ಸವರಿ, ‘ಟಕ್’ ಎನ್ನುವವರೆಗೆ ಒತ್ತಿ. ಒಂದು ಪ್ಲಗ್ ಮುಗಿಸಿ ಇನ್ನೊಂದಕ್ಕೆ ಹೋಗಿ. ಎಂಟನ್ನೂ ಒಟ್ಟಿಗೆ ಬಿಚ್ಚಿ ಹರಡಿದರೆ ಎಂಟು ಬಾವಿಗಳು ಧೂಳಿಗೆ ಬಾಯ್ದೆರೆದು ಕೂತಂತೆ.

ಪ್ರಶ್ನೆ: ತೆಗೆದ ಪ್ಲಗ್ಗುಗಳಲ್ಲಿ ಒಂದರ ಹೊರಮೈ ಎಣ್ಣೆಯಲ್ಲಿ ಅದ್ದಿದಂತಿದೆ. ಉಳಿದವುಗಳ ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ. ಎಂಜಿನ್ ಬಿಚ್ಚಬೇಕಾಗುತ್ತದೆ ಎಂದು ಹೆದರಿಸುತ್ತಿದ್ದಾರೆ.
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಹೆದರಬೇಡಿ. ಕಂದು ಉಂಗುರ ಸೋರಿಕೆಯಲ್ಲ. ಹೆಚ್ಚಿನ ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಪಿಂಗಾಣಿಗೆ ಅಂಟಿ ಆಗುವ ಕಲೆ, ಚೆನ್ನಾಗಿರುವ ಪ್ಲಗ್ಗಿಗೂ ಬರುತ್ತದೆ. ಹೊರಮೈಯ ಎಣ್ಣೆ ಮೇಲಿನಿಂದ ಬಂದದ್ದು: ಟ್ಯಾಪೆಟ್ ಕವರಿನಲ್ಲಿ ಪ್ಲಗ್ ಬಾವಿಯ ಸುತ್ತ ಇರುವ ರಬ್ಬರ್ ಸೀಲ್ ಗಟ್ಟಿಯಾಗಿ ಬಿರಿದಿದೆ. ಕವರ್ ಪ್ಯಾಕಿಂಗ್ ಮತ್ತು ಆ ಸೀಲುಗಳನ್ನು ಒಟ್ಟಿಗೆ ಬದಲಿಸಿ; ನಾನಾ ಪೇಠದ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಪ್ಲಗ್ ಬಿಚ್ಚುವ ಮೊದಲು ಬಾವಿಯ ಎಣ್ಣೆಯನ್ನು ಕೋಲಿಗೆ ಬಟ್ಟೆ ಸುತ್ತಿ ಹೀರಿಸಿ. ಎಣ್ಣೆ ಕುಡಿದು ಉಬ್ಬಿದ ಕಾಯಿಲ್ ಬೂಟನ್ನು ಮತ್ತೆ ಬಳಸಬೇಡಿ.

ಕಿಡಿ ಹಾರುವ ತುದಿಯೇ ಒದ್ದೆ ಎಣ್ಣೆಯಾಗಿದ್ದರೆ ಮಾತು ಬೇರೆ. ಆಗ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಅನುಮಾನ, ಕಂಪ್ರೆಶನ್ ಅಳೆಯಿಸಬೇಕು.

ಪ್ರಶ್ನೆ: ಮಾರುತಿ ಈಕೋ ಸಿ.ಎನ್‌.ಜಿ. ಪೆಟ್ರೋಲಿನಲ್ಲಿ ಸರಾಗ, ಗ್ಯಾಸಿಗೆ ಹಾಕಿದರೆ ಲೋಡಿನಲ್ಲಿ ಜಟಕಾ ಹೊಡೆಯುತ್ತದೆ. ಪ್ಲಗ್ಗೇ ಕಾರಣವೇ? ನಮ್ಮ ಯಜಮಾನರು ತಾವೇ ಬದಲಿಸಲು ಹೊರಟಿದ್ದಾರೆ, ಗ್ಯಾಸಿನ ಗಾಡಿಯೆಂದು ನನಗೆ ಭಯ.
— ಓದುಗಿಯೊಬ್ಬರು, ಮೀರಾ ರೋಡ್

ಉತ್ತರ: ಮೊದಲ ಅನುಮಾನ ಪ್ಲಗ್ಗಿನ ಮೇಲೇ. ಸಿ.ಎನ್‌.ಜಿ. ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದು) ಅಗಲವಾದಂತೆ ಬೇಡಿಕೆ ಇನ್ನೂ ಏರುತ್ತದೆ. ಕಾಯಿಲಿನ ಕೈ ಸೋತ ಗಳಿಗೆಯಲ್ಲಿ ಜಟಕಾ. ಅದೇ ಪ್ಲಗ್ ಪೆಟ್ರೋಲಿಗೆ ಸಾಕಾಗುವುದರಿಂದ ಎಲ್ಲರೂ ಗ್ಯಾಸ್ ಕಿಟ್ಟನ್ನು ದೂರುತ್ತಾರೆ. ಹೀಗೆಯೇ ಓಡಿಸಿದರೆ ಪ್ಲಗ್ಗಿನ ಜೊತೆ ಕಾಯಿಲೂ ಹೋಗುತ್ತದೆ, ಖರ್ಚು ಹಲವು ಪಟ್ಟು. ಸಿ.ಎನ್‌.ಜಿ. ಗಾಡಿಗೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಪ್ಲಗ್ ಮತ್ತು ಗ್ಯಾಪನ್ನೇ ಅನುಸರಿಸಿ, ಪೆಟ್ರೋಲ್ ಗಾಡಿಯದನ್ನಲ್ಲ.

ನಿಮ್ಮ ಭಯಕ್ಕೆ ಅರ್ಥವಿದೆ. ಗ್ಯಾಸ್ ಸಿಲಿಂಡರ್ ತುಂಬಿದಾಗ ಒತ್ತಡ 200 ಬಾರ್. ಗ್ಯಾಸಿನ ವಾಸನೆ ಚೂರಾದರೂ ಬಂದರೆ ಪಾನಾ ಕೆಳಗಿಡಬೇಕು, ಕೆಲಸ ಅಧಿಕೃತ ಸಿ.ಎನ್‌.ಜಿ. ಕಾರ್ಯಾಗಾರಕ್ಕೆ. ವಾಸನೆ ಇಲ್ಲದಿದ್ದರೆ ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲ ಬಾಗಿಲು ತೆರೆದು, ಬ್ಯಾಟರಿ ತಂತಿ ಬಿಚ್ಚಿ ಶುರುಮಾಡಲಿ. ಗ್ಯಾಸಿನ ಉಕ್ಕಿನ ಪೈಪನ್ನು ಬಗ್ಗಿಸುವುದಾಗಲಿ ಅದರ ನಟ್ ಸಡಿಲಿಸುವುದಾಗಲಿ ಕೂಡದು.

ಈಕೋದ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿದೆ. ಸೀಟನ್ನು ಎತ್ತಿ ಹಿಂದಕ್ಕೆ ವಾಲಿಸಿ, ಹಗ್ಗದಿಂದ ಕಟ್ಟಿಬಿಡಿ. ಬಗ್ಗಿ ಕೆಲಸ ಮಾಡುವವರ ಬೆನ್ನಿಗೆ ಅದು ಬೀಳಬಾರದು. ಕೆಳಗಿನಿಂದ ರಸ್ತೆಯ ಧೂಳು ನೇರ ಏರುವುದರಿಂದ ಮೇಲೆ ಹೇಳಿದ ಊದುವ ಕೆಲಸವನ್ನು ಎರಡು ಸಲ ಮಾಡಬೇಕು.

ಪ್ರಶ್ನೆ: ಸಮುದ್ರದ ಹತ್ತಿರ ಗಾಡಿ ನಿಲ್ಲಿಸುತ್ತೇವೆ. ಪ್ಲಗ್ ಅರ್ಧ ಸುತ್ತು ಬಂದು ಕಿರುಗುಟ್ಟಿ ನಿಂತಿದೆ. ರ‍್ಯಾಚೆಟ್ಟಿಗೆ ಪೈಪ್ ತೂರಿಸಿ ಜೋರು ಹಾಕಲೇ? ಹೊಸದಕ್ಕೆ ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಕೇ?
— ಓದುಗರೊಬ್ಬರು, ವಾಸ್ಕೋ

ಉತ್ತರ: ಪೈಪ್ ಬೇಡವೇ ಬೇಡ. ಆ ಕಿರುಗುಟ್ಟು ಮಸಿ ಅಥವಾ ತುಕ್ಕು ಥ್ರೆಡ್ಡಿನ ನಡುವೆ ಸಿಕ್ಕಿಕೊಂಡ ಸದ್ದು. ಈಗ ಎಳೆದರೆ ಹೆಡ್ಡಿನ ಅಲ್ಯೂಮಿನಿಯಮ್ಮೂ ಜೊತೆಗೆ ಬರುತ್ತದೆ. ಬಂದ ಅರ್ಧ ಸುತ್ತನ್ನು ಮರಳಿ ಬಿಗಿಯಿರಿ. ತಣ್ಣಗಿನ ಎಂಜಿನ್ನಿನಲ್ಲೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ನಾಲ್ಕಾರು ಹನಿ ಬಿಟ್ಟು ರಾತ್ರಿ ಕಳೆಯಲಿ. ಬೆಳಗ್ಗೆ ಎಂಟನೇ ಒಂದು ಸುತ್ತು ಬಿಚ್ಚಿ, ಮರಳಿ ಬಿಗಿದು, ಮತ್ತೆ ತುಸು ಹೆಚ್ಚು ಬಿಚ್ಚಿ, ನಡುನಡುವೆ ಎಣ್ಣೆ ಹನಿಸುತ್ತ ಹೋಗಿ. ಗಂಟೆ ಹಿಡಿಯಬಹುದು, ಹಿಡಿಯಲಿ. ಷಟ್ಕೋನದ ಮೂಲೆಗಳು ಸವೆದು ಸಾಕೆಟ್ ಜಾರತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಎಕ್ಸ್‌ಟ್ರಾಕ್ಟರ್ ಇರುವ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಗ್ರೀಸ್ ಬೇಡ. ಈಗಿನ ಬಹುತೇಕ ಪ್ಲಗ್ಗುಗಳ ಥ್ರೆಡ್ಡಿಗೆ ತುಕ್ಕು ಹಿಡಿಯದ ಲೇಪ ಇದ್ದೇ ಇರುತ್ತದೆ. ಗ್ರೀಸಿನ ಜಾರಿಕೆಯಿಂದ ಅದೇ ಟಾರ್ಕಿಗೆ ಪ್ಲಗ್ ಅಳತೆ ಮೀರಿ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಎಂಜಿನ್ನಿಗೆ ಪ್ರೆಶರ್ ವಾಶ್ ಮಾಡಿಸುವುದನ್ನು ಬಿಡಿ. ಬಾವಿಯಲ್ಲಿ ನಿಂತ ಉಪ್ಪುನೀರೇ ಈ ತುಕ್ಕಿನ ಬೇರು.

ಪ್ರಶ್ನೆ: ಇರಿಡಿಯಮ್ ಪ್ಲಗ್ ತಂದಿದ್ದೇನೆ. ಗ್ಯಾಪ್ ಸರಿಮಾಡಬೇಕೇ? ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
— ಓದುಗರೊಬ್ಬರು, ಚಿಂಚವಡ

ಉತ್ತರ: ಅಳೆಯಿರಿ, ತಂತಿಯ ಗೇಜಿನಿಂದ ಮಾತ್ರ. ಇರಿಡಿಯಮ್ ತುದಿ 0.4ರಿಂದ 0.6 ಎಂ.ಎಂ. ದಪ್ಪ, ಪೆನ್ಸಿಲ್ ಸೀಸಕ್ಕಿಂತ ಸಣ್ಣದು. ನಾಣ್ಯದಂಥ ಗೇಜನ್ನು ನಡುವೆ ತೂರಿಸಿದರೆ ಮುರಿಯುತ್ತದೆ. ತಂತಿಬ್ರಶ್ಶಿನಿಂದ ಉಜ್ಜುವುದೂ ಬೇಡ. ಎನ್‌.ಜಿ.ಕೆ. ಪ್ಲಗ್ಗುಗಳಲ್ಲಿ ಕೋಡಿನ ಕೊನೆಯ 11 ಎಂದರೆ 1.1 ಎಂ.ಎಂ. ಗ್ಯಾಪ್. ಅಳತೆ ತಪ್ಪಿದ್ದರೆ ಅಂಗಡಿಗೆ ಮರಳಿಸಿ.

ನಕಲಿಯಲ್ಲಿ ವಾಶರ್ ಬೆರಳಲ್ಲಿ ತಿರುಗಿಸಿದರೆ ಕಳಚಿ ಬರುತ್ತದೆ, ಪಿಂಗಾಣಿಯ ಮೇಲಿನ ಅಕ್ಷರ ಮಸುಕು, ನಡುವಿನ ತುದಿ ಮೇಲಿನ ಕೊಕ್ಕೆಯ ನೇರಕ್ಕಿರುವುದಿಲ್ಲ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಬದಿಯಿಂದ ನೋಡಿ. ಅಸಲಿಯಾದರೆ ನಾಲ್ಕು ಕೊಕ್ಕೆಗಳ ಬಾಗೂ ಒಂದೇ ತೆರನಾಗಿರುತ್ತದೆ.