ಕ್ಯಾಮೆರಾ ಯಾರ ಮನೆ ಜಗಲಿ ಮೇಲಿದೆ?

ಪ್ರಿಯ ಗೆಳೆಯರೇ,

ನಮಸ್ಕಾರ. ನೀವು ಕಳಿಸಿದ ‘ಭಾರತೀಯ ಸಿನಿಮಾ ಮತ್ತು ಜಾತಿ ರಾಜಕಾರಣ: ಒಂದು ಅವಲೋಕನ’ ಲೇಖನ ಪೂರ್ತಿ ಓದಿದೆ. ಉತ್ತರ ತಡವಾಯಿತು. ನೇರ ವಿಷಯಕ್ಕೆ ಬರುತ್ತೇನೆ: ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ‘ಸ್ಥಳಾವಕಾಶ ಇಲ್ಲ’ ಅಂತ ಒಂದು ಸಾಲು ಬರೆದು ಸುಮ್ನೆ ವಾಪಸ್ ಕಳಿಸಬಹುದಿತ್ತು. ಹಾಗೆ ಮಾಡದೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಏಳನೇ ಪುಟದ ನಾಲ್ಕು ಸಾಲು. ಅದಕ್ಕೆ ಆಮೇಲೆ ಬರೋಣ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ‘ಅಛೂತ್ ಕನ್ಯಾ’ ಬಂದಿದ್ದು 1936ರಲ್ಲಿ, ನೀವು ಬರೆದ ಹಾಗೆ 1946ರಲ್ಲಿ ಅಲ್ಲ. ‘ಚೋಮನ ದುಡಿ’ ಕಾದಂಬರಿ ಶಿವರಾಮ ಕಾರಂತರದು, 1933ರದು. ಸಿನಿಮಾ ಬಿ.ವಿ. ಕಾರಂತರದು, 1975ರದು. ನೀವು ಇಬ್ಬರನ್ನೂ ಸೇರಿಸಿ ಒಬ್ಬ ಕಾರಂತರನ್ನು ಮಾಡಿದ್ದೀರಿ. ಇದು ಅಚ್ಚಾದರೆ ಮಾರನೇ ದಿನ ಬೆಳಗ್ಗೆಯಿಂದ ಫೋನ್ ಶುರು, ಅದೂ ನನಗೆ. ತಮಿಳಿನ ‘ಜೈ ಭೀಮ್’ (2021) ನಿಜ ಘಟನೆ ಆಧರಿಸಿದ್ದು ಅಂದಿದ್ದೀರಿ, ಸರಿ. ಆದರೆ 1993ರ ಆ ಪ್ರಕರಣದಲ್ಲಿ ಪೊಲೀಸರ ಹೊಡೆತಕ್ಕೆ ಸತ್ತ ರಾಜಾಕಣ್ಣು ಕುರವ ಸಮುದಾಯದವರು. ಸಿನಿಮಾ ಅವರನ್ನು ಬೇರೊಂದು ಸಮುದಾಯದ, ಇರುಳ ಬುಡಕಟ್ಟಿನವರನ್ನಾಗಿ ಮಾಡಿಕೊಂಡಿದೆ. ಜಾತಿ ಬಗ್ಗೆಯೇ ಬರೆಯುವಾಗ ಇದನ್ನು ಬಿಟ್ಟುಬಿಟ್ಟರೆ ಹೇಗೆ? ಯಾಕೆ ಬದಲಾಯಿಸಿದರು, ಅದರಿಂದ ಏನಾಯಿತು ಅಂತ ಒಂದು ಪ್ಯಾರಾ ಆದರೂ ಬೇಕಿತ್ತು.

ಇನ್ನು ದೊಡ್ಡ ತೊಂದರೆ. 9 ಪುಟಗಳಲ್ಲಿ 19 ಸಿನಿಮಾ ತುರುಕಿದ್ದೀರಿ. ಎಲ್ಲಕ್ಕೂ ಒಂದೇ ಅಚ್ಚು: ಐದು ಸಾಲು ಕತೆ, ಕೊನೆಗೆ ಒಂದು ಸಾಲು ತೀರ್ಪು. ‘ಸಮಾಜಕ್ಕೆ ಕನ್ನಡಿ ಹಿಡಿದಿದೆ’, ‘ಪ್ರಗತಿಪರ ನಿಲುವು ತಾಳಿದೆ’, ‘ಯಥಾಸ್ಥಿತಿಯನ್ನೇ ಪೋಷಿಸಿದೆ’. ಪಾಸು, ಫೇಲು. ನೀವು ಸಿನಿಮಾ ನೋಡಿ ಬರೆದಿರೋ, ಎಲ್ಲೋ ಸಾರಾಂಶ ಓದಿ ಬರೆದಿರೋ ಅನ್ನುವ ಅನುಮಾನ ಓದುವವರಿಗೆ ಬರುತ್ತದೆ. ನನಗಂತೂ ಬಂತು. ಜಾತಿ ಕತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಶಾಟ್‌ನಲ್ಲಿ ಇರುತ್ತದೆ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಲೋಟ ಯಾರ ಕೈಗೆ ಹೋಯಿತು, ಇದನ್ನೆಲ್ಲ ಯಾರು ನೋಡಲಿ ಅಂತ ತೋರಿಸುತ್ತಿದ್ದಾರೆ? ಇದನ್ನು ಹೇಳುವುದು ನಿಮ್ಮ ಕೆಲಸ. ಕತೆ ಹೇಳೋಕೆ ಟ್ರೈಲರ್ ಇದೆ.

ತಮಿಳಿನ ‘ಪರಿಯೇರುಂ ಪೆರುಮಾಳ್’ (2018) ಬಗ್ಗೆ ನೀವು ಬರೆದದ್ದನ್ನೇ ತಗೊಳ್ಳಿ. ‘ಕೊನೆಯಲ್ಲಿ ಬರುವ ಎರಡು ಚಹಾ ಲೋಟಗಳು ಸಮಾನತೆಯ ಸಂಕೇತ’ ಅಂತ ಮುಗಿಸಿದ್ದೀರಿ. ಆ ಶಾಟ್ ನಿಲ್ಲಿಸಿ ನೋಡಿ. ನಿರ್ದೇಶಕ ಮಾರಿ ಸೆಲ್ವರಾಜ್ ಎರಡು ಗಾಜಿನ ಲೋಟ ಅಕ್ಕಪಕ್ಕ ಇಟ್ಟಿದ್ದಾರೆ. ಒಂದರಲ್ಲಿ ಹಾಲಿನ ಚಹಾ, ಇನ್ನೊಂದರಲ್ಲಿ ಕಪ್ಪು ಚಹಾ. ನಡುವೆ ಒಂದು ಹೂವು. ಲೋಟ ಒಂದೇ ಥರದವು, ಆದರೂ ಎರಡು. ದಲಿತರಿಗೆ ಬೇರೆ ಲೋಟ ಇಡುವ ಚಹಾದಂಗಡಿ ತಮಿಳುನಾಡಿನಲ್ಲೂ ಇತ್ತು, ನಮ್ಮ ಹಳ್ಳಿ ಹೋಟೆಲುಗಳಲ್ಲೂ ಇತ್ತು. ಕೆಲವು ಕಡೆ ತೆಂಗಿನ ಚಿಪ್ಪು. ಕುಡಿದವರೇ ತೊಳೆದು ಹೊರಗೆ ಇಟ್ಟು ಹೋಗಬೇಕು. ಇದನ್ನು ಕಂಡವರಿಗೆ ಆ ಶಾಟ್ ಬೇರೆಯೇ ಮಾತಾಡುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ದಲಿತ ನಾಯಕ ಪರಿಯನ್ ತನ್ನನ್ನು ಮೆಚ್ಚಿದ ಮೇಲ್ಜಾತಿ ಹುಡುಗಿಯ ಅಪ್ಪನಿಗೆ ಏನು ಹೇಳುತ್ತಾನೆ? ನೀವು ಹೀಗೇ ಇರುವವರೆಗೆ, ನಾನು ನಾಯಿಯಾಗೇ ಇರಬೇಕು ಅಂತ ನೀವು ಬಯಸುವವರೆಗೆ ಇಲ್ಲಿ ಏನೂ ಬದಲಾಗಲ್ಲ ಅನ್ನುವ ಅರ್ಥದ ಮಾತು. ಹೀಗೆ ಹೇಳಿಸಿದ ನಿರ್ದೇಶಕ ಮರುಗಳಿಗೆಗೇ ಸಮಾನತೆಯ ಪೋಸ್ಟರ್ ಅಂಟಿಸುತ್ತಾರಾ? ನನಗೆ ಆ ಹೂವು ಇಬ್ಬರ ನಡುವೆ ಇನ್ನೂ ಎಷ್ಟು ಜಾಗ ಉಳಿದಿದೆ ಅಂತ ತೋರಿಸುವ ಗುರುತಿನಂತೆ ಕಂಡಿತು. ನಿಮಗೆ ಬೇರೆ ಕಾಣಬಹುದು. ಹಾಗಿದ್ದರೆ ಅದನ್ನು ಶಾಟ್ ಮುಂದಿಟ್ಟುಕೊಂಡು ವಾದ ಮಾಡಿ.

ನಾಗರಾಜ ಮಂಜುಳೆ ಅವರ ಮರಾಠಿ ಸಿನಿಮಾ ‘ಫ್ಯಾಂಡ್ರಿ’ಗೆ (2013) ನಾಲ್ಕೇ ಸಾಲು ಕೊಟ್ಟಿದ್ದೀರಿ. ಅನ್ಯಾಯ. ಜಬ್ಯಾ ಅನ್ನುವ ಹುಡುಗನ ಮನೆಯವರಿಗೆ ಊರಿನ ಹಂದಿ ಹಿಡಿದುಕೊಡುವ ಕೆಲಸ ಬೀಳುತ್ತದೆ. ಜಾಗ ಅವನ ಶಾಲೆಯ ಪಕ್ಕದಲ್ಲೇ. ಅವನು ಮೆಚ್ಚಿದ ಹುಡುಗಿ ನೋಡುತ್ತಿದ್ದಾಳೆ, ಕ್ಲಾಸಿನ ಹುಡುಗರು ನೋಡುತ್ತಿದ್ದಾರೆ, ಊರಿನ ಪುಂಡರು ಕೂತು ಮಜಾ ತಗೊಳ್ಳುತ್ತಿದ್ದಾರೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನಿಂತುಬಿಡುತ್ತಾನೆ. ಅಪ್ಪನೂ ನಿಲ್ಲುತ್ತಾನೆ. ಎಲ್ಲರೂ ಕಡ್ಡಿಯಂತೆ ನಿಂತಿರುವಾಗ ಹಂದಿ ಓಡಿಹೋಗುತ್ತದೆ. ಮಹಾರಾಷ್ಟ್ರದ ಥಿಯೇಟರುಗಳಲ್ಲಿ ಸಿನಿಮಾಕ್ಕೆ ಮುಂಚೆ ರಾಷ್ಟ್ರಗೀತೆ ಹಾಕುವ ರೂಢಿ ಇದೆ. ಅಂದರೆ ಆಗಷ್ಟೇ ಎದ್ದು ನಿಂತು ಕೂತ ಪ್ರೇಕ್ಷಕನೇ ಇದನ್ನು ನೋಡಿ ನಗುವುದು. ಕೊನೆಗೆ ಹಂದಿಯನ್ನು ಕಟ್ಟಿ ಹೊತ್ತು ತರುವಾಗ ಹಿಂದಿನ ಗೋಡೆ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಚಿತ್ರಗಳು. ಯಾರೂ ಒಂದು ಮಾತಾಡುವುದಿಲ್ಲ. ಆಮೇಲೆ ಜಬ್ಯಾ ಎಸೆದ ಕಲ್ಲು ನೇರ ಕ್ಯಾಮೆರಾ ಕಡೆಗೇ ಬರುತ್ತದೆ. ಪುಂಡರ ಸಾಲಿನಲ್ಲಿ ನಾವೂ ಕೂತಿದ್ದೆವು ಅಂತ ಮಂಜುಳೆ ಲೆಕ್ಕ ಹಾಕಿಯೇ ಆ ಕಲ್ಲು ಎಸೆಸಿದ್ದಾರೆ. ನಿಮ್ಮ ನಾಲ್ಕು ಸಾಲಿನಲ್ಲಿ ಕಲ್ಲೂ ಇಲ್ಲ, ರಾಷ್ಟ್ರಗೀತೆಯೂ ಇಲ್ಲ. ‘ಅಲೆಮಾರಿ ಸಮುದಾಯದ ನೋವಿನ ಚಿತ್ರಣ’ ಇದೆ.

ಅವರದೇ ‘ಸೈರಾಟ್’ (2016) ಮತ್ತು ಅದರ ಹಿಂದಿ ರೀಮೇಕ್ ‘ಧಡಕ್’ (2018) ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ, ಎರಡೂ ಮರ್ಯಾದೆಗೇಡು ಹತ್ಯೆಯನ್ನು ಖಂಡಿಸುತ್ತವೆ ಅಂದಿದ್ದೀರಿ. ಇಲ್ಲೇ ನಿಮಗೆ ಒಳ್ಳೆಯ ಲೇಖನ ಸಿಗುತ್ತಿತ್ತು, ಕೈಯಾರೆ ಬಿಟ್ಟುಕೊಟ್ಟಿರಿ. ಮರಾಠಿಯಲ್ಲಿ ಹುಡುಗಿ ಪಾಟೀಲರ ಮಗಳು, ಹುಡುಗ ಮೀನು ಹಿಡಿಯುವವರ ಮನೆಯವನು. ಅವಳು ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ. ಆ ಧೈರ್ಯ ಎಲ್ಲಿಂದ ಬಂತು? ಅಪ್ಪನ ಹೊಲದಿಂದ, ಅಪ್ಪನ ರಾಜಕೀಯದಿಂದ. ಅವಳ ಸೋದರ ಕ್ಲಾಸಿನಲ್ಲಿ ಮೇಷ್ಟ್ರ ಕೆನ್ನೆಗೇ ಬಾರಿಸುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಹಿಂದಿಯಲ್ಲಿ ಕತೆ ಉದಯಪುರದ ಅರಮನೆ, ಹೋಟೆಲು, ಸರೋವರಗಳಿಗೆ ಹೋಯಿತು. ಜಾತಿ ಒಂದು ಎಚ್ಚರಿಕೆ ಮಾತಿಗೆ ಇಳಿಯಿತು. ಉಳಿದದ್ದು ಶ್ರೀಮಂತೆ, ಬಡವ. ಕೊನೆಯನ್ನೂ ಹೋಲಿಸಿ ನೋಡಿ. ಮರಾಠಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸಾಯುತ್ತಾರೆ. ಪಕ್ಕದ ಮನೆಯಿಂದ ಬಂದ ಮಗು ಏನೂ ಗೊತ್ತಾಗದೆ ರಕ್ತ ತುಳಿದು, ಅಳುತ್ತಾ ಹೊರಗೆ ನಡೆದು ಹೋಗುತ್ತದೆ. ಸದ್ದೇ ಇಲ್ಲ. ಹಿಂದಿಯಲ್ಲಿ ಗಂಡ, ಮಗು ಸಾಯುತ್ತಾರೆ, ದೊಡ್ಡ ಮನೆಯ ಹುಡುಗಿ ಬದುಕುತ್ತಾಳೆ. ದುಃಖ ಪಡುವ ಹಕ್ಕು ಯಾರ ಪಾಲಿಗೆ ಬಂತು ನೋಡಿ. ಇದೇ ಕತೆ ಕನ್ನಡಕ್ಕೂ ಬಂದಿತ್ತಲ್ವಾ, ‘ಮನಸು ಮಲ್ಲಿಗೆ’ (2017). ನಾಯಕಿ ಕೂಡ ಅದೇ ರಿಂಕು ರಾಜಗುರು. ಕನ್ನಡದಲ್ಲಿ ಬರೆಯುವವರು ಮೊದಲು ಅದನ್ನು ನೋಡಬೇಕಲ್ಲ. ನಿಮ್ಮ 19ರ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಹಿಂದಿಯ ‘ಆರ್ಟಿಕಲ್ 15’ (2019) ನಿಮಗೆ ತುಂಬ ಹಿಡಿಸಿದೆ. ಠಾಣೆಯಲ್ಲಿ ಸಾಹೇಬರು ಒಬ್ಬೊಬ್ಬರ ಜಾತಿ ಕೇಳುವ ಸೀನ್ ನನಗೂ ಇಷ್ಟ. ಆದರೆ ಆ ಸಿನಿಮಾದಲ್ಲಿ ಜಾತಿ ಬಗ್ಗೆ ಏನೂ ಗೊತ್ತಿಲ್ಲದವನು ಆ ಬ್ರಾಹ್ಮಣ ಪೊಲೀಸ್ ಅಧಿಕಾರಿ ಒಬ್ಬನೇ. ಅವನ ಜೊತೆ ನಾವೂ ಕಲಿಯಬೇಕು. ಅಂದರೆ ಗೊತ್ತಿಲ್ಲದವರಿಗಾಗಿಯೇ ಮಾಡಿದ ಸಿನಿಮಾ. ತಪ್ಪೇನಿಲ್ಲ, ಅದನ್ನು ಹೇಳಿ.

ಈಗ ಕನ್ನಡ. ಇಲ್ಲಿ ನೀವು ಬರೀ ಕೈಮುಗಿದಿದ್ದೀರಿ. ‘ಸಂಸ್ಕಾರ’ (1970) ನಿಷೇಧ ದಾಟಿ ಬಂದು ರಾಷ್ಟ್ರಪ್ರಶಸ್ತಿ ಗೆದ್ದದ್ದು ದೊಡ್ಡ ವಿಷಯ, ಒಪ್ಪಿದೆ. ಹೆಣ ಯಾರು ಎತ್ತಬೇಕು ಅಂತ ಅಗ್ರಹಾರ ಒದ್ದಾಡುವುದೇ ಅದರ ಕತೆ. ಆದರೆ ಕ್ಯಾಮೆರಾ ಕೂತಿರುವುದು ಅಗ್ರಹಾರದ ಜಗಲಿ ಮೇಲೆ. ಏಳು ವರ್ಷ ಆದಮೇಲೆ ಬಂದ ‘ಘಟಶ್ರಾದ್ಧ’ವೂ ಅಲ್ಲೇ. ಆ ಕಾಲದ ನಮ್ಮ ಹೊಸ ಅಲೆ ಬ್ರಾಹ್ಮಣ ಮನೆಯೊಳಗಿನ ಕೊಳೆಯನ್ನು ಧೈರ್ಯವಾಗಿ ತೋರಿಸಿತು. ಕೇರಿಯವರು ಮಾತ್ರ ಚೌಕಟ್ಟಿನ ಅಂಚಿನಲ್ಲೇ ಉಳಿದರು. ಇದನ್ನು ಹೇಳಿದರೆ ಆ ನಿರ್ದೇಶಕರಿಗೆ ಅವಮಾನ ಆಗುವುದಿಲ್ಲ.

‘ಚೋಮನ ದುಡಿ’ಯಲ್ಲಿ ಕ್ಯಾಮೆರಾ ಗುಡಿಸಲಿಗೆ ಬಂತು. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ನೀವು ‘ಶೋಷಿತನ ಆಕ್ರಂದನ’ ಅಂತ ಒಂದು ಮಾತಿನಲ್ಲಿ ಮುಗಿಸಿದ್ದೀರಿ. ಸ್ವಲ್ಪ ಕ್ಯಾಲೆಂಡರ್ ನೋಡಿ. ಚೋಮನ ಹತ್ತಿರ ಜೋಡಿ ಎತ್ತು ಇವೆ. ಬೇಕಾಗಿರುವುದು ಉಳಲು ಒಂದು ತುಂಡು ನೆಲ. ಹೊಲೆಯನಿಗೆ ಅದು ಸಿಗದು. ಸಿನಿಮಾ ಬರುವ ಹಿಂದಿನ ವರ್ಷ, 1974ರಲ್ಲಿ, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಿತ್ತು. ಉಳುವವನೇ ಒಡೆಯ. ಕರಾವಳಿಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಷನ್, ಅಂದರೆ ಈ ನೆಲ ಉಳುವವನು ನಾನು ಅನ್ನುವ ಅರ್ಜಿ, ಕೊಟ್ಟು ಭೂಮಿ ಪಡೆದರು. ಆದರೆ ಡಿಕ್ಲರೇಷನ್ ಕೊಡೋಕೆ ಗೇಣಿದಾರ ಆಗಿರಬೇಕು. ಚೋಮ ಗೇಣಿದಾರ ಅಲ್ಲ, ಸಾಲಕ್ಕೆ ಜೀತ ಇರುವವನು. ಆ ಕಾಯ್ದೆ ಬಂದರೂ ಅವನಿಗೆ ಅಂಗೈಯಗಲ ನೆಲ ಸಿಗುತ್ತಿರಲಿಲ್ಲ. ಜೀತ ರದ್ದು ಮಾಡುವ ಕೇಂದ್ರದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ತುರ್ತುಪರಿಸ್ಥಿತಿಯ ನಡುವೆ. 1973ರಲ್ಲಿ ದಲಿತ ಮಂತ್ರಿ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ (ದನದ ಮೇವು) ಇದೆ ಅಂದು ಮಂತ್ರಿಗಿರಿ ಕಳೆದುಕೊಂಡಿದ್ದರು. ದಲಿತ ಕವಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಬಂದದ್ದೂ 1975ರಲ್ಲೇ. ಹೊರಗೆ ಬೀದಿಯಲ್ಲಿ ದಲಿತ ಹುಡುಗರು ಎದ್ದು ನಿಂತಿದ್ದಾರೆ, ಪರದೆ ಮೇಲೆ ಚೋಮ ಒಬ್ಬನೇ ದುಡಿ ಬಾರಿಸುತ್ತಾ ಸಾಯುತ್ತಾನೆ. ಈ ಎರಡನ್ನೂ ಎದುರುಬದುರು ಇಡಿ. ನಿಮ್ಮ ಶೀರ್ಷಿಕೆಯಲ್ಲಿರುವ ರಾಜಕಾರಣ ಅಂದರೆ ಇದೇ ತಾನೆ? ಅಲ್ಲಿಂದ ‘ಕಾಟೇರ’ಕ್ಕೆ (2023) ಬನ್ನಿ. ಅದೇ ಭೂಮಿ ಕಾಯ್ದೆ ಸುತ್ತ ಹೆಣೆದ ಕಮರ್ಷಿಯಲ್ ಸಿನಿಮಾ. ಇಲ್ಲಿ ದುಡಿ ಬದಲು ಮಚ್ಚು ಬಂತು. ಏನು ಬದಲಾಯಿತು ಅಂತ ಕೇಳೋದಕ್ಕೆ ಒಳ್ಳೆಯ ಜೋಡಿ.

ಒಂದು ಪಕ್ಕದ ಮಾತು. ರಜನೀಕಾಂತ್ ನಟಿಸಿದ ತಮಿಳಿನ ‘ಕಾಲಾ’ (2018) ನಮ್ಮಲ್ಲಿ ಬಿಡುಗಡೆ ಆಗುವಾಗ ಗಲಾಟೆ ಆಯಿತು, ನೆನಪಿರಬಹುದು. ರಜನೀಕಾಂತ್ ಕಾವೇರಿ ಬಗ್ಗೆ ಆಡಿದ ಮಾತಿಗೆ ಫಿಲ್ಮ್ ಚೇಂಬರ್ ವಿರೋಧ, ಹೈಕೋರ್ಟ್ ತನಕ ಹೋಯಿತು. ಮುಂಬೈನ ಕೊಳೆಗೇರಿ ಧಾರಾವಿಯ ನೆಲ ಯಾರದು ಅಂತ ನಿರ್ದೇಶಕ ಪಾ. ರಂಜಿತ್ ಇಡೀ ಸಿನಿಮಾದಲ್ಲಿ ಕೇಳಿದ್ದರು. ನಾವು ಮಾತಾಡಿದ್ದು ಬರೀ ನೀರಿನ ಬಗ್ಗೆ.

ಈಗ ನಿಮ್ಮ ಏಳನೇ ಪುಟ. ನಿಮ್ಮ ಊರಿನ ಕೇರಿಯಲ್ಲಿ ಅಂಬೇಡ್ಕರ್ ಜಯಂತಿ ರಾತ್ರಿ ಪ್ರೊಜೆಕ್ಟರ್ ತಂದು, ಸಮುದಾಯ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ ‘ಜೈ ಭೀಮ್’ ತೋರಿಸಿದರು ಅಂತ ಬರೆದಿದ್ದೀರಿ. ಊರಿನ ಕಡೆಯಿಂದ ಒಬ್ಬರೂ ಬರಲಿಲ್ಲ. ಲಾಕಪ್‌ನಲ್ಲಿ ಹೊಡೆಯುವ ಸೀನ್ ಬಂದಾಗ ಕೇರಿಯ ಹೆಂಗಸರು ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಹುಡುಗರು ಕೊನೇತನಕ ಕೂತಿದ್ದು ಶಿಳ್ಳೆ ಹಾಕಿದರು. ಇಷ್ಟು ಬರೆದು ಮುಂದಿನ ಪ್ಯಾರಾದಲ್ಲಿ ‘ಆಸ್ಕರ್ ಮಟ್ಟದ ಅಭಿನಯ’ಕ್ಕೆ ಹಾರಿದ್ದೀರಿ. ಯಾಕೆ ಹಾರಿದಿರಿ?

ಆ ಹೆಂಗಸರು ಯಾಕೆ ಎದ್ದು ಹೋದರು? ಬೇಜಾರಾಗಿಯೋ, ನೋಡೋಕೆ ಆಗದೆಯೋ, ಇದೆಲ್ಲ ಗೊತ್ತಿರೋದೇ ಅನ್ನಿಸಿಯೋ? ಅಷ್ಟು ಹೊತ್ತು ಹೊಡೆತ ತೋರಿಸಿದ್ದು ಯಾರಿಗೆ? ನಂಬದವರಿಗೆ ನಂಬಿಸೋಕೆ ಅಂತಾದರೆ, ನಂಬಿಸಬೇಕಾದವರು ಆ ರಾತ್ರಿ ಬರಲೇ ಇಲ್ಲ. ಬಂದವರಿಗೆ ಸಾಕ್ಷಿ ಬೇಕಿರಲಿಲ್ಲ. ಅದೇ ಸಿನಿಮಾದ ಕೊನೆಯಲ್ಲಿ ವಕೀಲನ ಎದುರು ಪುಟ್ಟ ಹುಡುಗಿ ಪೇಪರ್ ಹಿಡಿದು ಕಾಲ ಮೇಲೆ ಕಾಲು ಹಾಕಿ ಕೂರುತ್ತಾಳಲ್ಲ, ಅದನ್ನು ನೋಡೋಕೆ ಎಷ್ಟು ಹೆಂಗಸರು ಉಳಿದಿದ್ದರು? ಹೋಗಿ ಕೇಳಿ. ನಿಮಗೆ ಅತ್ತೆಯೋ ದೊಡ್ಡಮ್ಮನೋ ಆಗಬೇಕಾದವರು ಅಲ್ಲಿ ಇದ್ದೇ ಇರುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಗ್ರಾಂಥಿಕ ಮಾಡಬೇಡಿ. ಏನೂ ಹೇಳಲಿಲ್ಲ ಅಂದರೆ ಅದನ್ನೂ ಬರೆಯಿರಿ. ಹುಡುಗರು ಯಾವ ಸೀನಿಗೆ ಶಿಳ್ಳೆ ಹಾಕಿದರು ಅನ್ನುವುದೂ ನನಗೆ ಬೇಕು.

ಇನ್ನೊಂದು ಹೇಳಿಬಿಡುತ್ತೇನೆ. ಕೊನೆಯ ಪುಟದಲ್ಲಿ ‘ದಲಿತ ಬಂಧುಗಳನ್ನು ನಾವೆಲ್ಲ ತೆರೆದ ಮನಸ್ಸಿನಿಂದ ಅಪ್ಪಿಕೊಳ್ಳಬೇಕು’ ಅಂತ ಕರೆ ಕೊಟ್ಟಿದ್ದೀರಿ. ಏಳನೇ ಪುಟದಲ್ಲಿ ಪಂಚೆ ಕಟ್ಟಿದ ಹುಡುಗರ ಜೊತೆ ಕೂತಿದ್ದವರು ಕೊನೆಗೆ ಯಾಕೆ ಊರಿನವರ ದನಿಯಲ್ಲಿ ಮಾತಾಡುತ್ತೀರಿ? ಪತ್ರಿಕೆಯವರಿಗೆ ಇದೇ ಬೇಕು ಅಂದುಕೊಂಡಿರಾ? ನಮಗೆ ಬೇಡ. ನಮ್ಮ ಓದುಗರೂ ಎಲ್ಲ ಒಂದೇ ಬೀದಿಯವರಲ್ಲ.

ಹಾಗಾಗಿ ಹೀಗೆ ಮಾಡಿ. 16 ಸಿನಿಮಾ ತೆಗೆದುಹಾಕಿ, ಮೂರು ಉಳಿಸಿಕೊಳ್ಳಿ. ‘ಜೈ ಭೀಮ್’ ಇರಲಿ, ಉಳಿದೆರಡು ನಿಮ್ಮ ಇಷ್ಟ. ‘ಚೋಮನ ದುಡಿ’ ಉಳಿಸಿಕೊಂಡರೆ ನನಗೆ ಸಂತೋಷ. ಜಯಂತಿ ರಾತ್ರಿಯನ್ನು ಏಳನೇ ಪುಟದಿಂದ ಎತ್ತಿ ಎಲ್ಲಿ ಬೇಕಾದರೂ ಇಡಿ, ಆದರೆ ನಾಲ್ಕು ಸಾಲಿಗೆ ಮುಗಿಸಬೇಡಿ. ವಿದೇಶಿ ಚಿಂತಕರ ಉಲ್ಲೇಖಗಳು ಐದಿವೆ, ಐದೂ ಬೇಡ. ‘ಅವಲೋಕನ’ ಅನ್ನುವ ಶೀರ್ಷಿಕೆ ಬದಲಾಯಿಸಿ. 1,800 ಪದ ದಾಟದಿರಲಿ. ಮುಂದಿನ ತಿಂಗಳ ಕೊನೆಯೊಳಗೆ ಬಂದರೆ ಅದರ ನಂತರದ ಸಂಚಿಕೆಗೆ ನೋಡಬಹುದು. ಗೌರವಧನ ಕಡಿಮೆ, ಆದರೆ ಕೊಡುತ್ತೇವೆ. ಆ ರಾತ್ರಿಯ ಫೋಟೋ ಯಾರಾದರೂ ಫೋನಿನಲ್ಲಿ ತೆಗೆದಿದ್ದರೆ, ಅಲ್ಲಿರುವವರನ್ನು ಕೇಳಿಕೊಂಡು ಕಳಿಸಿ. ಮತ್ತೆ, ದಯವಿಟ್ಟು ಈ ಸಲ ನುಡಿ ಫಾಂಟ್ ಬೇಡ, ಯೂನಿಕೋಡ್‌ನಲ್ಲೇ ಕಳಿಸಿ. ಹೋದ ಸಲ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿದ್ದವು.

ನಿಮ್ಮ,
ಸಂಪಾದಕ